ವನಜಾ ಒತ್ತುತ್ತಿದ್ದ ಎಡಗಡೆಯ ಗುಂಡಿ

ಮೊದಲಿಗೆ ಓದುವವರ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲೂ ಸಾಲು ಕೆಳಕ್ಕೆ ಜಾರುತ್ತದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಪಂಚಾಯಿತಿ ಗ್ರಂಥಾಲಯದ ಅರುಂಧತಿ ಮೇಡಂ ಗೋಡೆಪತ್ರಿಕೆಗೆ ನಮ್ಮೂರಿನ ಯಾರಾದರೂ ಒಬ್ಬರ ವಿಷಯ ಬರೆದುಕೊಡು ಅಂದರು. ನಾನು ನನ್ನ ಚಿಕ್ಕಮ್ಮ ವನಜಾಳ ವಿಷಯ ಬರೆದಿದ್ದೇನೆ. ಅವಳು ಹೇಳಿದ್ದನ್ನು ಎರಡು ಸಲ ಕೇಳಿ ಬರೆದು, ಬರೆದದ್ದನ್ನು ಅವಳಿಗೆ ಓದಿ ಹೇಳಿ, ಅವಳು ಹೌದು ಅಂದದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ವನಜಾ ಕೆಲಸ ಮಾಡುವುದು ಸೋಮನಹಳ್ಳಿಯಲ್ಲಿ, ಹೆದ್ದಾರಿಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ. ಶಾಲೆಯ ಮಕ್ಕಳ ಅಂಗಿಯ ಜೇಬಿನ ಮೇಲೆ ಇರುತ್ತದಲ್ಲ, ದೀಪವೋ ಪುಸ್ತಕವೋ ನವಿಲೋ ಇರುವ ಬ್ಯಾಡ್ಜು, ಅದನ್ನು ಅಲ್ಲಿ ಹೊಲಿಯುತ್ತಾರೆ. ಹೊಲಿಯುವುದು ಕೈಯಲ್ಲಲ್ಲ. ಕಬ್ಬಿನ ಗಾಡಿಯಷ್ಟು ಉದ್ದದ ಒಂದು ಕಸೂತಿ ಮಿಷನ್ ಇದೆ. ಒಂದೇ ಸಲಕ್ಕೆ ಆರು ಬ್ಯಾಡ್ಜು ಹೊಲಿಯುತ್ತದೆ. ಅದಕ್ಕೆ ಬುದ್ಧಿ ಹೇಳುವುದಕ್ಕೆ ತುದಿಯಲ್ಲಿ ಒಂದು ಕಂಪ್ಯೂಟರು, ಬೆರಳು ಸೋಕಿದರೆ ಕೆಲಸ ಮಾಡುವಂಥ ಪರದೆಯದು. ಆ ಪರದೆಯ ಮುಂದೆ ನಿಲ್ಲುವವಳು ವನಜಾ. ಉಳಿದ ಹೆಂಗಸರೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು, ಹೊಲಿದು ಬಂದ ಬ್ಯಾಡ್ಜಿನ ಹಿಂದಿನ ದಾರ ಕತ್ತರಿಸುತ್ತಾರೆ.

ವನಜಾ ಕೂಡ ಐದು ವರ್ಷ ಆ ಮೇಜಿನಲ್ಲೇ ಕೂತಿದ್ದಳು. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಳ್ಳುತ್ತಿತ್ತು. ಎರಡು ವರ್ಷದ ಹಿಂದೆ ಮಿಷನ್ ನಡೆಸುತ್ತಿದ್ದ ನಾಗರತ್ನ ಗಂಡನಿಗೆ ಭಾರತೀನಗರದಲ್ಲಿ ಕೆಲಸ ಸಿಕ್ಕಿತೆಂದು ಬಿಟ್ಟು ಹೊರಟಾಗ, ಯಾರಿಗೆ ಕಲಿಸಲಿ ಎಂದು ಸುತ್ತ ನೋಡಿ ವನಜಾಳ ಕೈ ಹಿಡಿದು ಎಬ್ಬಿಸಿದಳು. ಪರದೆಯ ಮೇಲೆ ಇದ್ದದ್ದೆಲ್ಲ ಇಂಗ್ಲಿಷು. ವನಜಾ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ.

"ಓದಕ್ಕೆ ಓಗ್ಬ್ಯಾಡ ಕಣೆ. ನಂಗೂ ಬರಾಕಿಲ್ಲ," ಅಂದಿದ್ದಳು ನಾಗರತ್ನ. "ಜಾಗ ನೋಡ್ಕ. ಬೆಳಗ್ಗೆ ಆನ್ ಮಾಡ್ತಿದ್ದಂಗೆ ಒಂದು ಡಬ್ಬಿ ಎದ್ದು ಬತ್ತದೆ, ಎರಡು ಗುಂಡಿ ಇರ್ತವೆ. ಎಡಗಡೇದು ಒತ್ತು, ಓಯ್ತದೆ. ಆಮೇಲೆ ಮೇಲಿಂದ ಮೂರ್ನೇದು ಒತ್ತುದ್ರೆ ಬ್ಯಾಡ್ಜಿನ ಚಿತ್ರ ಬತ್ತವೆ. ಅಸಿರು ಗುಂಡಿ ಓಡ್ಸಕ್ಕೆ, ಕೆಂಪು ನಿಲ್ಸಕ್ಕೆ. ಬೇರೆ ಏನೂ ಮುಟ್ಬ್ಯಾಡ."

ವನಜಾ ಹಾಗೇ ಕಲಿತಳು. ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಹಿಂದೆ ಪರದೆಯ ಚಿತ್ರ ಬರೆದು, ಕಣ್ಣು ಮುಚ್ಚಿ ಬೆರಳಿಟ್ಟು ಅಭ್ಯಾಸ ಮಾಡಿದಳು. ಹದಿನೈದು ದಿನಕ್ಕೆ ಅವಳ ಬೆರಳು ಅವಳಿಗಿಂತ ಮುಂಚೆ ಹೋಗುತ್ತಿತ್ತು.

ಒಂದೇ ಒಂದು ತೊಂದರೆ. ಆರು ಕಡೆ ಸೂಜಿ ಓಡುವಾಗ ನಾಲ್ಕನೆಯ ಕಡೆ ಪದೇ ಪದೇ ದಾರ ಹರಿಯುತ್ತಿತ್ತು. ಮಿಷನ್ ನಿಲ್ಲುತ್ತಿತ್ತು. ದಾರ ಪೋಣಿಸಿ ಮತ್ತೆ ಓಡಿಸಿದರೆ ಅಲ್ಲಿ ಒಂದು ಗಂಟು. ನವಿಲಿನ ಕತ್ತಿನಲ್ಲಿ ಗಂಟು, ದೀಪದ ಕುಡಿಯಲ್ಲಿ ಗಂಟು. ಬುಟ್ಟಿ ತುಂಬ ಕೆಟ್ಟ ಬ್ಯಾಡ್ಜುಗಳು. ದಾರ ಬದಲಾಯಿಸಿದರು, ಸೂಜಿ ಬದಲಾಯಿಸಿದರು, ಹೋಗಲಿಲ್ಲ. ಕೊನೆಗೆ ಎಲ್ಲರ ಕಣ್ಣೂ ಮಿಷನ್ ನಡೆಸುವವಳ ಮೇಲೆ ಬಿತ್ತು.

ಯಜಮಾನರು ಯೋಗಾನರಸಿಂಹ, ಮಂಡ್ಯದವರು. ಜೋರಾಗಿ ಮಾತಾಡುವವರಲ್ಲ. ದಸರಾಗೆ ಹತ್ತು ದಿನ ಇದೆ ಅನ್ನುವಾಗ ಒಂದು ಮಧ್ಯಾಹ್ನ ವನಜಾಳನ್ನು ಕರೆದು, ಅವಳ ಮುಖ ನೋಡದೆ ಹೇಳಿದರು.

"ನೋಡಮ್ಮ ವನಜಾ, ಹಬ್ಬ ಕಳೆದ ಮೇಲೆ ಇನ್ನೊಂದು ಮಿಷನ್ ಬರ್ತಿದೆ. ಡಿಪ್ಲೊಮಾ ಮಾಡಿರೋ ಹುಡುಗಿ ಒಬ್ಬಳಿದ್ದಾಳೆ, ಭಾರತೀನಗರದವಳು. ಅವಳೇ ಎರಡನ್ನೂ ನೋಡ್ಕೋತಾಳೆ. ನೀನು ಮೊದಲಿನ ಹಾಗೆ ದಾರದ ಮೇಜಿಗೆ ಹೋಗು. ಬೇಜಾರು ಮಾಡ್ಕೋಬೇಡ. ಇದು ಓದು ಬರೋರು ಮಾಡೋ ಕೆಲಸ."

ವನಜಾ "ಆಯ್ತು ಸಾರ್" ಅಂದು ಬಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಳು. ಆ ದಾರದ ಮೇಜು ಕೆಟ್ಟದ್ದೇನಲ್ಲ. ಆದರೆ ಅವಳ ಹದಿಮೂರು ವರ್ಷದ ಮಗಳು ಪ್ರಿಯಾಂಕ ಶಾಲೆಯಲ್ಲಿ ಎಲ್ಲರಿಗೂ, "ನಮ್ಮವ್ವ ಕಂಪ್ಯೂಟರ್ ಮಿಷನ್ ಓಡಿಸ್ತಾಳೆ" ಎಂದು ಹೇಳಿಕೊಂಡಿದ್ದಳು. ಆ ಮಗುವಿಗೆ ಹೇಗೆ ಹೇಳುವುದು ಎನ್ನುವುದೇ ಅವಳ ಎದೆಯಲ್ಲಿ ಕೂತಿತ್ತು.

ಆಯುಧಪೂಜೆ ಬಂತು. ಶೆಡ್ಡಿನ ಬಾಗಿಲಿಗೆ ಬಾಳೆಕಂದು ಕಟ್ಟಿದರು. ಮಿಷನ್ನನ್ನು ಒರೆಸಿ ಹೂವಿನ ಹಾರ ಹಾಕಿದರು. ಪೂಜೆ ಮಾಡುವುದು ಪ್ರತಿವರ್ಷವೂ ಕಾವಲುಗಾರ ಹುಚ್ಚೀರಯ್ಯ. ವೈದ್ಯನಾಥಪುರದವನು, ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ ಇಲ್ಲದ ದಿನವೇ ಇಲ್ಲ.

ಮೇಸ್ತ್ರಿ ಕೆಂಪರಾಜು ಕಂಪ್ಯೂಟರು ಆರಿಸಿಟ್ಟಿದ್ದ. ಮುದುಕ ಒಪ್ಪಲಿಲ್ಲ.

"ಲೇ ಕೆಂಪ, ದ್ಯಾವ್ರು ಕಣ್ಮುಚ್ಕೊಂಡಿರುವಾಗ ಪೂಜೆ ಮಾಡ್ತರೇನ್ಲಾ? ಆಕ್ಲಾ ಕರೆಂಟ!"

"ತಾತ, ಅದ್ಯಾಕೆ, ಒರ್ಸಿಬುಟ್ಟಿವ್ನಿ..."

"ಆಕು ಅಂದ್ರೆ ಆಕು. ಬೆಳಕು ಕಾಣ್ಬೇಕು."

ಪರದೆ ಬೆಳಗಿತು. ಹುಚ್ಚೀರಯ್ಯ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ, ಪರದೆಯ ಮೇಲ್ಭಾಗಕ್ಕೆ ಎಡದಿಂದ ಬಲಕ್ಕೆ ಎಳೆದ. ವಿಭೂತಿ ಒಣಗಿತ್ತು, ಸರಿಯಾಗಿ ಹತ್ತಲಿಲ್ಲ. ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ಮತ್ತೊಂದು ಸಲ ಗಟ್ಟಿಯಾಗಿ ಎಳೆದ. ಮಧ್ಯಕ್ಕೆ ಕುಂಕುಮ ಇಟ್ಟ. ಆ ಹೊತ್ತಿಗೆ ಎಲ್ಲರೂ ಹೊರಗೆ ಬೂದುಗುಂಬಳಕಾಯಿ ಒಡೆಯುವುದನ್ನು ನೋಡಲು ಓಡಿದ್ದರು. ಪರದೆಯನ್ನು ಯಾರೂ ತಿರುಗಿ ನೋಡಲಿಲ್ಲ. ಕಡ್ಲೆಪುರಿ, ಸಿಹಿ ಹಂಚಿದರು, ಬಾಗಿಲು ಹಾಕಿದರು.

ವಿಜಯದಶಮಿ ಕಳೆದು ಮಾರನೆಯ ದಿನ ವನಜಾ ಎಲ್ಲರಿಗಿಂತ ಮುಂಚೆ ಬಂದಳು. ಮಳವಳ್ಳಿಯ ಒಂದು ಶಾಲೆಗೆ ಶನಿವಾರದೊಳಗೆ ಬ್ಯಾಡ್ಜು ಕಳಿಸಬೇಕಿತ್ತು. ಮಿಷನ್ ಆನ್ ಮಾಡಿ, ಒಣಗಿದ ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಡಬ್ಬಿ ಎದ್ದು ಬಂತು, ಎಡಗಡೆಯದು ಒತ್ತಿದಳು. ಅಕ್ಷರಗಳು ಯಾಕೋ ಬೇರೆ ಥರ ಕಂಡವು, ಸಣ್ಣ ಸಣ್ಣ ಗುಡಿಸಲು ಕಟ್ಟಿದ ಹಾಗೆ. ಹಬ್ಬಕ್ಕೆಂದು ಯಜಮಾನರೇ ಏನೋ ಹೊಸದು ಮಾಡಿಸಿರಬೇಕು ಅಂದುಕೊಂಡಳು. ಜಾಗ ಮಾತ್ರ ಅದೇ. ಮೇಲಿಂದ ಮೂರನೆಯದು, ಆಮೇಲೆ ಹಸಿರು. ಮಿಷನ್ ಓಡಿತು. ಹನ್ನೊಂದು ಗಂಟೆಯ ಹೊತ್ತಿಗೆ ಎರಡು ಬುಟ್ಟಿ ತುಂಬಿತ್ತು. ನಾಲ್ಕನೆಯ ಕಡೆ ಎಂದಿನಂತೆ ದಾರ ಹರಿಯುತ್ತಲೇ ಇತ್ತು.

ಆಗ ಯಜಮಾನರು ಬಂದರು. ಪರದೆ ನೋಡಿದವರೇ ನಿಂತುಬಿಟ್ಟರು.

"ಅಯ್ಯೋ, ಇದೇನಿದು! ಚೀನಾ ಭಾಷೆ ಅಲ್ವೇನ್ರೀ ಇದು? ನಿಲ್ಲಿಸಿ, ನಿಲ್ಲಿಸಿ! ಯಾರು ಮುಟ್ಟಿದ್ದು?"

ಕೆಂಪರಾಜು ಓಡಿಬಂದ. ದಾರದ ಮೇಜಿನವರೆಲ್ಲ ಎದ್ದು ಬಂದರು. ಯಾರು ಏನು ಮಾಡಿದರು ಎಂದು ಹುಡುಕುತ್ತಾ ಹೋಗಿ ಮಾತು ಹುಚ್ಚೀರಯ್ಯನ ಮೂರು ಬೆರಳಿಗೆ ಬಂದು ನಿಂತಿತು.

"ನಾನೇನ್ ಮಾಡ್ದೆ?" ಅಂದ ಮುದುಕ. "ಇಬೂತಿ ಇಟ್ಟೆ. ಇಬೂತಿ ಇಟ್ಟುದ್ಕೆ ಜಾತಿ ಬಿಟ್ಟು ಓಗೋ ಮಿಷನ್ನು ನಾನೆಲ್ಲೂ ಕಂಡಿಲ್ಲ ಬುದ್ಯೋ."

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ರಿಪೇರಿಯ ಸಿದ್ದರಾಜುವಿಗೆ ಫೋನು ಮಾಡಿದರೆ ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ, ಫೋನಿಗೂ ಸಿಗಲಿಲ್ಲ. ಹಣೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು.

"ಶನಿವಾರ ಮಳವಳ್ಳಿಗೆ ಕಳಿಸೋದಿದೆ. ಇನ್ನು ಇದನ್ನ ಓಡಿಸೋರು ಯಾರು?"

"ಓಡ್ತಾ ಅದೆ ಸಾರ್," ಅಂದಳು ವನಜಾ ಮೆಲ್ಲಗೆ. "ಬೆಳಗ್ಗಿಂದ್ಲೂ ಓಡ್ತಾ ಅದೆ." ಬುಟ್ಟಿ ತೋರಿಸಿದಳು.

"ಇದನ್ನ ಓದಿಕೊಂಡು ಓಡಿಸಿದ್ಯಾ?"

"ಇಲ್ಲ ಸಾರ್. ಇಂಗ್ಲಿಷೂ ನಂಗೆ ಓದಕ್ಕೆ ಬತ್ತಿರ್ಲಿಲ್ಲ, ಇದೂ ಬರಾಕಿಲ್ಲ. ನಂಗೆ ಎರಡೂ ಒಂದೆ."

ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಆದರೆ ಹೇಳಿದ ಮೇಲೆ ವನಜಾ ನಾಲಿಗೆ ಕಚ್ಚಿಕೊಂಡಳು. ಎರಡು ವರ್ಷ ಏನೂ ಓದದೆಯೇ ಮಿಷನ್ ನಡೆಸಿದೆ ಎಂದು ತನ್ನ ಬಾಯಲ್ಲೇ ಒಪ್ಪಿಕೊಂಡ ಹಾಗಾಯಿತಲ್ಲ. ಯಜಮಾನರು ಅವಳನ್ನೂ ನೋಡಿದರು, ಕೆಟ್ಟ ಬ್ಯಾಡ್ಜಿನ ಬುಟ್ಟಿಯನ್ನೂ ನೋಡಿದರು.

ಅವಳು ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಪರದೆಯ ಮೂಲೆಯಲ್ಲಿ, ಸರಿಯಾಗಿ ವಿಭೂತಿ ಎಳೆದ ಜಾಗದಲ್ಲಿ, ಒಂದು ಭೂಗೋಳದ ಚಿತ್ರ ಇತ್ತು. ಹೋದ ವರ್ಷ ಮದ್ದೂರಿನ ಅಂಗಡಿಯಲ್ಲಿ ಫೋನು ಕೊಂಡಾಗ, ಕನ್ನಡ ಮಾಡಿಕೊಡಿ ಎಂದು ಅವಳು ಕೇಳಿದ್ದಳು. ಅಂಗಡಿಯವನು ಅಂಥದ್ದೇ ಗೋಳವನ್ನು ಒತ್ತಿದ್ದ. ಅವಳು ಅದನ್ನು ನೋಡಿಟ್ಟುಕೊಂಡಿದ್ದಳು. ಪರದೆಯ ಮೇಲಿನ ಗೋಳವನ್ನೂ ಎರಡು ವರ್ಷದಿಂದ ನೋಡಿದ್ದಳು. ಬೇರೆ ಏನೂ ಮುಟ್ಟಬೇಡ ಎಂದಿದ್ದರಿಂದ ಮುಟ್ಟಿರಲಿಲ್ಲ.

"ಸಾರ್, ಈ ಗೋಳ ಒತ್ಲಾ? ಫೋನಲ್ಲಿ ಭಾಷೆಗೆ ಇದೇ ಇರ್ತದೆ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಇನ್ನೇನ್ ಆಗ್ಬೇಕು ಸಾಮಿ," ಅಂದ ಹುಚ್ಚೀರಯ್ಯ. "ಚೀನಾಗಂತೂ ಓಗಿ ಕೂತದೆ. ಅದಕ್ಕಿಂತ ದೂರ ಎಲ್ಲಿಗೋದದು?"

ಈ ಸಲ ಯಜಮಾನರೂ ನಕ್ಕರು. "ಒತ್ತಮ್ಮ," ಅಂದರು.

ವನಜಾ ಬೆರಳನ್ನು ಸೀರೆಗೆ ಒರೆಸಿಕೊಂಡು ಒತ್ತಿದಳು. ಪಟ್ಟಿಯೊಂದು ಇಳಿಯಿತು. ಒಂದೊಂದು ಭಾಷೆಯ ಹೆಸರೂ ಆಯಾ ಭಾಷೆಯ ಅಕ್ಷರದಲ್ಲೇ ಇತ್ತು. ಎಲ್ಲಕ್ಕಿಂತ ಮೇಲೆ ಗುಡಿಸಲಿನ ಅಕ್ಷರ, ಅದರ ಕೆಳಗೆ ಇಂಗ್ಲಿಷು. ಮೊದಲ ಸಲ ಎಳೆದಾಗ ಪಟ್ಟಿ ಬಿಚ್ಚಿಕೊಂಡಿದೆ, ಎರಡನೆಯ ಸಲಕ್ಕೆ ಮೊದಲ ಹೆಸರು ಒತ್ತಿಹೋಗಿದೆ ಎಂದು ಯಜಮಾನರಿಗೆ ಅರ್ಥವಾಯಿತು. ಅವರು ಇಂಗ್ಲಿಷಿನ ಮೇಲೆ ಬೆರಳಿಡಲು ಬಂದರು. ಅಷ್ಟರಲ್ಲಿ ವನಜಾ ಪಟ್ಟಿಯನ್ನು ಮೇಲಕ್ಕೆ ತಳ್ಳಿದ್ದಳು. ಯಾರ್ಯಾರದೋ ಅಕ್ಷರಗಳು ಸರಿದುಹೋದವು. ಕೊನೆಯಿಂದ ಎರಡನೆಯದಾಗಿ ಇತ್ತು: ಕನ್ನಡ.

ಅವಳು ಅದನ್ನು ನೋಡುತ್ತಾ ನಿಂತಳು. ಇಷ್ಟು ದಿನವೂ ಇಲ್ಲೇ ಇತ್ತು.

"ಸಾರ್, ಇದನ್ನ ಮಾಡ್ಕೊಳ್ಳಾ?"

ಯಜಮಾನರು ಗಲ್ಲ ಕೆರೆದುಕೊಂಡರು. "ನಂಗೆ ಇಂಗ್ಲಿಷೇ ಅಭ್ಯಾಸ ಕಣಮ್ಮ. ಸಂಜೆ ಎಷ್ಟು ಬ್ಯಾಡ್ಜಾಯ್ತು ಅಂತ ನೋಡಬೇಕಲ್ಲ."

"ನೀವು ನೋಡೋವಾಗ ಇಂಗ್ಲಿಷ್ ಮಾಡ್ಕೊಳಿ ಸಾರ್. ನೋಡಾದ್ಮೇಲೆ ನಾನು ತಿರುಗ ಕನ್ನಡ ಮಾಡ್ಕೋತೀನಿ. ಗೋಳ ಇಲ್ಲೇ ಇರ್ತದಲ್ಲ, ಎಲ್ಗೂ ಓಗಾಕಿಲ್ಲ."

ಅವಳು ಅವರ ಮುಂದೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡರು.

ಕನ್ನಡ ಬಂದ ಕೂಡಲೇ ಕೆಲಸ ಚುರುಕಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ನಿಧಾನವಾಯಿತು. ಕಣ್ಣು ಮುಚ್ಚಿ ಒತ್ತುತ್ತಿದ್ದವಳು ಈಗ ಒಂದೊಂದನ್ನೂ ಓದತೊಡಗಿದಳು. ಮೇಲಿಂದ ಮೂರನೆಯದರ ಹೆಸರು 'ಚಿತ್ರ ಆಯ್ಕೆ'. ಅದರ ಪಕ್ಕದ್ದು 'ವೇಗ'. ಓದದೆ ಬೆರಳು ಮುಂದಕ್ಕೆ ಹೋಗುತ್ತಿರಲಿಲ್ಲ.

"ಏನವ್ವ, ಪರೀಕ್ಷೆಗೆ ಓದ್ತಾ ಇದ್ದೀಯಾ?" ಎಂದು ಕೆಂಪರಾಜು ಕೆಣಕಿದ. "ಚೀನಾ ಭಾಷೇಲಿ ಎರಡು ಬುಟ್ಟಿ ಆಕಿದ್ದೆ. ಕನ್ನಡದಲ್ಲಿ ಒಂದೂ ತುಂಬ್ನಿಲ್ಲ."

ವನಜಾ ಮುಂದಿನ ಗುಂಡಿಯ ಹೆಸರು ಓದಿದಳು. ಆದರೆ ಅವನ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಮಿಷನ್ ಆನ್ ಮಾಡಿದಾಗ ಆ ಡಬ್ಬಿ ಎದ್ದು ಬಂತು. ಎಡಗಡೆಗೆ ಹೋಗುತ್ತಿದ್ದ ಬೆರಳು ಅರ್ಧದಲ್ಲೇ ನಿಂತಿತು. ಅವಳು ಓದಿದಳು.

'ಮೇಲಿನ ಮುಚ್ಚಳದ ಒಳಗೆ ಎಣ್ಣೆ ಹಾಕುವ ದಿನ ಮೀರಿದೆ.'

ಬಲಗಡೆಯ ಗುಂಡಿಯ ಮೇಲೆ 'ಹಾಕಿದೆ' ಎಂದಿತ್ತು. ಎಡಗಡೆಯದರ ಮೇಲೆ 'ಆಮೇಲೆ'.

ವನಜಾ ಇನ್ನೊಂದು ಸಲ ಓದಿದಳು. ಎರಡು ವರ್ಷ, ರಜೆಯ ದಿನ ಬಿಟ್ಟು ಪ್ರತಿದಿನ, ಸ್ನಾನ ಮಾಡಿ ಹೂ ಮುಡಿದು ಬಂದು ಅವಳು ಮೊದಲು ಮಾಡುತ್ತಿದ್ದ ಕೆಲಸ ಇದು. ಮಿಷನ್ ಎಣ್ಣೆ ಕೇಳುತ್ತಿತ್ತು, ಇವಳು ಆಮೇಲೆ ಅನ್ನುತ್ತಿದ್ದಳು.

ಅವಳು ಕೆಂಪರಾಜುವನ್ನು ಕರೆದು ತೋರಿಸಿದಳು.

"ನಾನು ದಿನಾ ಎಣ್ಣೆ ಬುಡ್ತೀನಲ್ಲ," ಅಂದ ಅವನು.

"ಕೆಳಗಡೆ ಬುಡ್ತೀಯ ಕೆಂಪ್ರಾಜಣ್ಣ. ಇದು ಮೇಲ್ಗಡೆ ಅಂತದೆ."

ಸ್ಟೂಲು ಹಾಕಿ ಮೇಲಿನ ಮುಚ್ಚಳ ಬಿಚ್ಚಿದರು. ಒಳಗೆ ಆರು ಕಡೆಯೂ ಸಣ್ಣ ತೂತುಗಳಿದ್ದವು. ಧೂಳು ತುಂಬಿ, ಒಣಗಿ ಹೋಗಿದ್ದವು. ನಾಲ್ಕನೆಯ ಕಡೆಯ ಕಬ್ಬಿಣ ಸವೆದು ಹೊಳೆಯುತ್ತಿತ್ತು. ಕೆಂಪರಾಜು ಕೆಳಗಿಳಿದು ಸುತ್ತ ನೋಡಿದ. ದನಿ ತಗ್ಗಿಸಿದ.

"ನೋಡು, ಸುಮ್ನೆ ಎಣ್ಣೆ ಬುಟ್ಟು ಬಾಯ್ಮುಚ್ಕ. ನೀನು ಏಳುದ್ರೆ ನಿನ್ನ ತಲೆ ಮೇಲೆ ಬತ್ತದೆ. ನನ್ ಕೆಲ್ಸಾನೂ ಓಯ್ತದೆ."

ಎಣ್ಣೆ ಬಿಟ್ಟರು. ಮೊದಲ ಓಟಕ್ಕೇ ಎಣ್ಣೆ ಸೋರಿ ಆರು ಬ್ಯಾಡ್ಜಿನ ಮೇಲೂ ಮಚ್ಚೆ ಬಿತ್ತು. ಒರೆಸಿ, ಹಳೆಯ ಬಟ್ಟೆಯ ಮೇಲೆ ಓಡಿಸಿ, ಮತ್ತೆ ಶುರು ಮಾಡಿದರು. ಮಿಷನ್ನಿನ ಸದ್ದೇ ಬೇರೆಯಾಗಿತ್ತು. ಮಧ್ಯಾಹ್ನದವರೆಗೆ ನಾಲ್ಕನೆಯ ಕಡೆ ಎರಡೇ ಸಲ ದಾರ ಹರಿಯಿತು. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಇಪ್ಪತ್ತಾದರೂ ಆಗುತ್ತಿತ್ತು.

ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ವನಜಾ ಯೋಚಿಸಿದಳು. ಹೇಳದಿದ್ದರೆ, ಅವಳ ಕೈಗುಣದಿಂದಲೇ ದಾರ ಹರಿಯುತ್ತಿತ್ತು ಎಂದು ಎಲ್ಲರೂ ನಂಬಿಕೊಂಡೇ ಇರುತ್ತಾರೆ. ಹೇಳಿದರೆ, ಎರಡು ವರ್ಷ ಮಿಷನ್ ಹಾಳುಮಾಡಿದವಳು ಅನ್ನಿಸಿಕೊಳ್ಳಬೇಕು, ದಾರದ ಮೇಜೂ ಸಿಗದೆ ಹೋಗಬಹುದು. ಎರಡರಲ್ಲೂ ಒಳ್ಳೆಯದೇನೂ ಕಾಣಲಿಲ್ಲ. ಆದರೆ ಹೊಸದಾಗಿ ಬರುವ ಹುಡುಗಿಗೂ ಯಾರಾದರೂ 'ಎಡಗಡೇದು ಒತ್ತು' ಎಂದು ಹೇಳಿಕೊಟ್ಟರೆ? ಅವಳು ಡಬ್ಬಿ ಮುಚ್ಚಿ ಎದ್ದಳು.

ಯಜಮಾನರು ಬಂದಾಗ, ಪರದೆಯ ಮುಂದೆ ಅಲ್ಲ, ಅವರ ಮೇಜಿನ ಮುಂದೆಯೇ ಹೋಗಿ ನಿಂತು ಎಲ್ಲ ಹೇಳಿದಳು. ನಾಗರತ್ನಳ ಹೆಸರು ಹೇಳಲಿಲ್ಲ. "ನಂಗೆ ಗೊತ್ತಾಗ್ನಿಲ್ಲ ಸಾರ್. ದಿನಾ ಎಡಗಡೇದು ಒತ್ತಿವ್ನಿ. ಅದು ಆಮೇಲೆ ಅಂತಿತ್ತು," ಎಂದಳು. ಕಣ್ಣಲ್ಲಿ ನೀರು ಬರದಂತೆ ಗೋಡೆಯ ಕಡೆ ನೋಡಿದಳು.

ಕೆಂಪರಾಜು ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು, "ಮ್ಯಾಲ್ಗಡೆ ತೂತಿರದು ನಂಗೂ ಗೊತ್ತಿರ್ಲಿಲ್ಲ ಸಾರ್," ಅಂದ.

ಯಜಮಾನರು ಎದ್ದು ಹೋಗಿ ನಾಲ್ಕನೆಯ ಸೂಜಿಯ ಮುಂದೆ ನಿಂತರು. ಒಂದು ಬ್ಯಾಡ್ಜು ಪೂರ್ತಿ ಆಗುವವರೆಗೂ ನಿಂತರು. ದಾರ ಹರಿಯಲಿಲ್ಲ. ಅವರು ಬ್ಯಾಡ್ಜು ತಿರುಗಿಸಿ ನೋಡಿದರು.

"ಬೆಳಗ್ಗೆ ಹೊತ್ತು ನಾನು ಒಂದು ದಿನಾನೂ ಬಂದು ಇಲ್ಲಿ ನಿಂತಿಲ್ಲ," ಅಂದರು. "ನಿಂತಿದ್ರೆ ಆ ಡಬ್ಬಿ ನಾನೇ ಓದಬಹುದಾಗಿತ್ತು. ಶನಿವಾರದವರೆಗೆ ಹೀಗೇ ಓಡಿಸು, ನೋಡೋಣ."

ಶನಿವಾರ ಮಳವಳ್ಳಿಯ ಬ್ಯಾಡ್ಜುಗಳು ಹೋದವು. ಕೆಟ್ಟವು ಒಂದು ಕೈಯಲ್ಲಿ ಹಿಡಿಯುವಷ್ಟು. ಸಂಜೆ ಯಜಮಾನರು ಪರದೆಯ ಹತ್ತಿರ ಬಂದು, ಗೋಳ ಒತ್ತಿ ಇಂಗ್ಲಿಷ್ ಮಾಡಿ, ಎಣಿಕೆ ನೋಡಿಕೊಂಡರು. ಹೋಗುವಾಗ ಮರೆಯದೆ ತಾವೇ ಕನ್ನಡಕ್ಕೆ ತಿರುಗಿಸಿದರು.

"ಆ ಹುಡುಗಿಗೆ ಬಾ ಅಂತ ಹೇಳಿಬಿಟ್ಟಿದ್ದೀನಿ," ಅಂದರು. "ಅವಳು ಹೊಸ ಮಿಷನ್ ನೋಡ್ಕೊಳ್ಳಲಿ. ಇದು ನಿಂದು. ಡಬ್ಬಿ ಬಂದ್ರೆ ಓದಿ ಒತ್ತು, ಅಷ್ಟೇ."

ಅವತ್ತು ವನಜಾ ಮನೆಗೆ ಬಂದವಳು ಪ್ರಿಯಾಂಕಳಿಗೆ ಹೇಳಬೇಕೆಂದು ಇಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೇಳಲೇ ಇಲ್ಲ. ಹೇಳುವ ಅಗತ್ಯ ಇರಲಿಲ್ಲ.

ಹೊಸ ಹುಡುಗಿಯ ಹೆಸರು ಸ್ಪಂದನಾ. ಅವಳು ತನ್ನ ಮಿಷನ್ನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದಾಳೆ. ಡಿಪ್ಲೊಮಾದಲ್ಲಿ ಹಾಗೇ ಕಲಿತದ್ದು, ಅವಳಿಗೆ ಅದೇ ಸಲೀಸು. ದಾರ ಪೋಣಿಸುವುದನ್ನು ವನಜಾಳ ಹತ್ತಿರ ಕೇಳಿ ಕಲಿಯುತ್ತಾಳೆ. ವನಜಾಳ ಕೈ ಮೊದಲಿನ ಚುರುಕಿಗೆ ಬರಲು ಇಪ್ಪತ್ತು ದಿನ ಹಿಡಿಯಿತು. ನಾಲ್ಕನೆಯ ಕಡೆ ಸವೆದ ಭಾಗವನ್ನು ಸಿದ್ದರಾಜು ಬಂದು ಬದಲಾಯಿಸಬೇಕು, ಅದಿನ್ನೂ ಆಗಿಲ್ಲ.

ದಾರದ ಮೇಜಿನಲ್ಲಿ ಈಗ ಒಂದು ಜಾಗ ಖಾಲಿ ಇದೆ. ನನಗೆ ಹೋದ ತಿಂಗಳು ಹದಿನೆಂಟು ತುಂಬಿತು. ಸೋಮವಾರ ಬೆಳಗ್ಗೆ ಚಿಕ್ಕಮ್ಮನ ಜೊತೆ ಬಸ್ಸು ಹತ್ತಿ ಕೆಲಸಕ್ಕೆ ಸೇರುತ್ತೇನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ಮಿಷನ್ನಿನ ಮುಂದೆ ನಿಂತು, ಪರದೆಯ ಮೇಲಿರುವ ಮಾತುಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತೇನೆ.